ಮೂಳೆಗೋಡೆಯ ದುಂಡು ಕಿಟಕಿ

ನೀರನ್ನು ಒತ್ತಿ ಕುಗ್ಗಿಸುವುದು ಸುಲಭವಲ್ಲ. ಅದರ ಗಾತ್ರವನ್ನು ನೂರರಲ್ಲಿ ಒಂದು ಪಾಲು ಇಳಿಸಬೇಕಾದರೂ ವಾಯುಮಂಡಲದ ಒತ್ತಡದ 200 ಪಟ್ಟಿಗೂ ಹೆಚ್ಚು ಒತ್ತಡ ಹೇರಬೇಕು. ಅಂಥ ದ್ರವವನ್ನು ದೇಹದಲ್ಲೇ ಅತಿ ಸಾಂದ್ರವಾದ ಮೂಳೆಯ ಗೂಡಿನಲ್ಲಿ ತುಂಬಿ, ಸೊಳ್ಳೆ ಗುಂಯ್ ಎಂದರೂ ಅದು ಅಲುಗಬೇಕು ಎಂದರೆ ಹೇಗೆ? ನಮ್ಮ ಒಳಗಿವಿಯ ಸ್ಥಿತಿ ಇದೇ. ಅದು ಅಲುಗುವುದಕ್ಕೆ ಕಾರಣ, ಆ ಮೂಳೆಗೋಡೆಯಲ್ಲಿ ಒಂದೂವರೆ ಮಿಲಿಮೀಟರ್ ಅಗಲದ ಒಂದು ದುಂಡು ಕಿಟಕಿ ಇದೆ. ಅದಕ್ಕೊಂದು ಪೊರೆ ಬಿಗಿದಿದೆ.

ಪೊರೆಯ ವಿಸ್ತೀರ್ಣ ಸುಮಾರು 2 ಚದರ ಮಿ.ಮೀ. ದಪ್ಪ 70 ಮೈಕ್ರೋಮೀಟರ್, ಅಂದರೆ ತಲೆಗೂದಲಿನ ಒಂದು ಎಳೆಯಷ್ಟು. ಅಷ್ಟರಲ್ಲೇ ಮೂರು ಪದರಗಳಿವೆ: ಹೊರಗಡೆ ನಡುಗಿವಿಯ ಲೋಳೆಪೊರೆಯ ಮುಂದುವರಿಕೆ, ಒಳಗಡೆ ದ್ರವಕ್ಕೆ ತಾಗಿಕೊಂಡ ಚಪ್ಪಟೆ ಜೀವಕೋಶಗಳು, ನಡುವೆ ಬಿಗಿಯನ್ನೂ ಎಳೆತವನ್ನೂ ಕೊಡುವ ಕೊಲಾಜೆನ್ ಮತ್ತು ಎಲಾಸ್ಟಿನ್ ನಾರುಗಳು. 1772ರಲ್ಲಿ ಇಟಲಿಯ ಮೊದೆನಾದಲ್ಲಿ ಆಂಟೋನಿಯೊ ಸ್ಕಾರ್ಪಾ ಈ ಕಿಟಕಿಯ ಮೇಲೆ ಒಂದು ಗ್ರಂಥವನ್ನೇ ಪ್ರಕಟಿಸಿ, ಪೊರೆಯನ್ನು ‘ಎರಡನೆಯ ತಮಟೆ’ ಎಂದು ಕರೆದ. ವಿದ್ಯುತ್ತಿಲ್ಲದ ಕಾಲದಲ್ಲಿ, ಶವದ ತಲೆಬುರುಡೆಯ ಆಳದಲ್ಲಿ ಇದನ್ನು ಬಿಡಿಸಿ ನೋಡಿದ ಕೈಗಳ ನಾಜೂಕನ್ನು ನೆನೆದರೆ ನನಗೆ ಈಗಲೂ ಬೆರಗಾಗುತ್ತದೆ.

ಗಾಳಿಯಲ್ಲಿ ಬಂದ ಸದ್ದು ನೇರವಾಗಿ ನೀರಿಗೆ ಬಡಿದರೆ ಅದರ ಶಕ್ತಿಯಲ್ಲಿ ಸಾವಿರಕ್ಕೆ 999 ಪಾಲು ವಾಪಸಾಗುತ್ತದೆ. ಆ ನಷ್ಟವನ್ನು ತುಂಬಿಕೊಡುವುದು ನಡುಗಿವಿ. ಕಿವಿಯ ತಮಟೆಯ ಸುಮಾರು 55 ಚದರ ಮಿ.ಮೀ. ಮೇಲೆ ಬಿದ್ದ ಬಲವನ್ನು ಮೂರು ಪುಟ್ಟ ಮೂಳೆಗಳು ಹೊತ್ತು ತಂದು, ರಿಕಾಪಿನ ಆಕಾರದ ಕೊನೆಯ ಮೂಳೆಯ 3.2 ಚದರ ಮಿ.ಮೀ. ಪಾದದ ಮೇಲೆ ಇಳಿಸುತ್ತವೆ. ಸನ್ನೆಯ ಲಾಭವೂ ಸೇರಿ ಒತ್ತಡ ಸುಮಾರು 22 ಪಟ್ಟು ಏರುತ್ತದೆ. ಇದನ್ನು ಶಾಲೆಯ ಪುಸ್ತಕಗಳೂ ಹೇಳುತ್ತವೆ. ಆ ಪಾದ ಒಳಕ್ಕೆ ಒತ್ತಿದ ದ್ರವ ಎಲ್ಲಿಗೆ ಹೋಗಬೇಕು ಎಂದು ಕೇಳುವವರು ಕಡಿಮೆ. ರಿಕಾಪಿ ಮೂಳೆ ಒಳಗೆ ಬಂದಾಗ ದುಂಡು ಕಿಟಕಿಯ ಪೊರೆ ಹೊರಗೆ ಉಬ್ಬುತ್ತದೆ. ಅದು ಹಿಂದೆ ಸರಿದಾಗ ಇದು ಒಳಗೆ ತಗ್ಗುತ್ತದೆ. 3.2 ಚದರ ಮಿ.ಮೀ.ನಲ್ಲಿ ನುಗ್ಗಿದ್ದು ಬರೀ 2ರಲ್ಲಿ ಹೊರಬರಬೇಕಲ್ಲ, ಹಾಗಾಗಿ ಪೊರೆ ಸರಾಸರಿ ಒಂದೂವರೆ ಪಟ್ಟು ದೂರ ಓಡಾಡಬೇಕು. ಈ ಓಡಾಟಕ್ಕೆ ಎಡೆ ಇದ್ದರೆ ಮಾತ್ರ 35 ಮಿ.ಮೀ. ಉದ್ದದ ಸುರುಳಿಯಾದ ಕಾಕ್ಲಿಯಾದೊಳಗೆ ಅಲೆ ಏಳುತ್ತದೆ, ಅಲ್ಲಿನ ಸುಮಾರು 15,000 ರೋಮಕೋಶಗಳು ಬಾಗುತ್ತವೆ.

ದೂರ ಎಂದೆ, ಆದರೆ ಎಷ್ಟು ದೂರ? ನಮಗೆ ಕೇಳಿಸುವ ಅತಿ ಮೆಲ್ಲನೆಯ ಸದ್ದಿನ ಒತ್ತಡ 20 ಮೈಕ್ರೋಪ್ಯಾಸ್ಕಲ್, ಅಂದರೆ ವಾಯುಮಂಡಲದ ಒತ್ತಡದ 500 ಕೋಟಿಯಲ್ಲಿ ಒಂದು ಪಾಲು. ಆ ಸದ್ದಿಗೆ ತಮಟೆ ಅಲುಗುವುದು ಒಂದು ಹೈಡ್ರೋಜನ್ ಪರಮಾಣುವಿನ ಅಗಲಕ್ಕಿಂತ ಕಡಿಮೆ. ಇನ್ನು ವೇಗ: ಕಛೇರಿಯಲ್ಲಿ ಹಾಡುವವರ ಷಡ್ಜ ಸೆಕೆಂಡಿಗೆ 200 ಕಂಪನಗಳ ಆಸುಪಾಸಿನಲ್ಲಿದೆ ಎನ್ನೋಣ. ಮೂರು ಗಂಟೆಯ ಕಛೇರಿಯಲ್ಲಿ ಶ್ರುತಿಯ ಆ ಒಂದು ಸ್ವರಕ್ಕೇ ಪೊರೆ 21 ಲಕ್ಷಕ್ಕೂ ಹೆಚ್ಚು ಸಲ ಹೊರಗೆ ಉಬ್ಬಿ ಒಳಗೆ ತಗ್ಗಿರುತ್ತದೆ. ರಾಗ, ಮೃದಂಗ, ಪಕ್ಕದವರ ಪಿಸುಮಾತು ಎಲ್ಲ ಲೆಕ್ಕಕ್ಕೆ ಬೇರೆ.

ಇಷ್ಟಾದರೂ ಅದು ಕಣ್ಣಿಗೆ ಬೀಳುವುದಿಲ್ಲ. ಶಸ್ತ್ರವೈದ್ಯರು ತಮಟೆಯನ್ನು ಎತ್ತಿ ಮೈಕ್ರೋಸ್ಕೋಪಿನಲ್ಲಿ ನೋಡಿದರೂ ಮೊದಲು ಕಾಣುವುದು ಒಂದು ಮೂಳೆಯ ಚಾಚು. ಪೊರೆ ಅದರ ಮರೆಯಲ್ಲಿ ಅಡಗಿರುತ್ತದೆ. ಅದು ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಸೊಗಸಾದ ಒಂದು ಪರೀಕ್ಷೆಯಿದೆ. ಕಿಟಕಿಯ ಗುಳಿಯಲ್ಲಿ ಒಂದಿಷ್ಟು ದ್ರವ ನಿಲ್ಲಿಸಿ, ಸೂಜಿಯ ಮೊನೆಯಿಂದ ಮೂಳೆಗಳ ಸರಪಣಿಯನ್ನು ಮೆಲ್ಲಗೆ ತಟ್ಟುತ್ತಾರೆ. ದ್ರವದ ಮೇಲಿನ ಬೆಳಕಿನ ಚುಕ್ಕೆ ಮಿಣುಕಿದರೆ ಅಷ್ಟೂ ದಾರಿ ಸಲೀಸಾಗಿದೆ ಎಂದರ್ಥ.

ಈ ಕಿಟಕಿ ಹುಟ್ಟಿನಿಂದಲೇ ಇಲ್ಲದಿರುವುದು ಅಪರೂಪ. ಆಟೋಸ್ಕ್ಲೆರೋಸಿಸ್ ಎಂಬ ಕಾಯಿಲೆಯಲ್ಲಿ ಹೊಸ ಮೂಳೆ ಬೆಳೆದು ಅದನ್ನು ಮುಚ್ಚುವುದೂ ಉಂಟು. ಪೊರೆ ಹರಿಯುವುದು ಮಾತ್ರ ಎಲ್ಲರೂ ತಿಳಿದಿರಬೇಕಾದ ಸಂಗತಿ. ಬಾವಿಗೋ ಕೆರೆಗೋ ಧುಮುಕಿ ಒಂದು ಮೀಟರ್ ಕೆಳಗಿಳಿದರೆ ಸಾಕು, ಸುಮಾರು 10,000 ಪ್ಯಾಸ್ಕಲ್ ಒತ್ತಡ ಹೆಚ್ಚುತ್ತದೆ. ಕೇಳಿಸುವ ಅತಿ ಮೆಲ್ಲನೆಯ ಸದ್ದಿನ 50 ಕೋಟಿ ಪಟ್ಟು! ಮೂಗಿನ ಹಿಂದಿನಿಂದ ನಡುಗಿವಿಗೆ ಗಾಳಿ ಒಯ್ಯುವ ಯುಸ್ಟೇಷಿಯನ್ ನಾಳ ತೆರೆದುಕೊಂಡರೆ ಒತ್ತಡ ಎರಡೂ ಕಡೆ ಸಮನಾಗುತ್ತದೆ. ನೆಗಡಿಯಾಗಿ ಅದು ಕಟ್ಟಿದ್ದರೆ, ಒಂದೂಕಾಲು ಮೀಟರಿನ ಹೊತ್ತಿಗೇ ನಾಳ ಬಿಗಿದುಕೊಳ್ಳುತ್ತದೆ. ಆಗ ಮೂಗು ಹಿಡಿದು ಮುಕ್ಕಿದರೆ ತಲೆಯೊಳಗಿನ ದ್ರವದ ಒತ್ತಡ ಸಣ್ಣ ಕಾಲುವೆಯೊಂದರ ಮೂಲಕ ಒಳಗಿವಿಗೆ ಬಂದು ಪೊರೆಯನ್ನು ಒಳಗಿನಿಂದ ಹೊರಕ್ಕೆ ಒಡೆಯಬಹುದು. ನಾಳ ದಿಢೀರನೆ ತೆರೆದುಕೊಂಡರೆ ನುಗ್ಗಿದ ಗಾಳಿ ಹೊರಗಿನಿಂದ ಒಳಕ್ಕೆ. ಒಮ್ಮೊಮ್ಮೆ ಭಾರ ಎತ್ತಿದಾಗ, ಜೋರಾಗಿ ಸೀನಿದಾಗ ಕೂಡ ಹೀಗಾಗುತ್ತದೆ. ಸೋರಿಹೋಗುವ ದ್ರವ ಕಾಕ್ಲಿಯಾದಲ್ಲಿ ಇರುವುದೇ ಒಂದೆರಡು ಹನಿಯಷ್ಟು. ಕಿವಿ ಥಟ್ಟನೆ ಮಂದವಾಗುತ್ತದೆ, ಗುಂಯ್‌ಗುಡುತ್ತದೆ, ತಲೆ ಗಿರ್ರನೆ ಸುತ್ತುತ್ತದೆ. ನೀರು ಹೋಗಿರಬೇಕು ಎಂದು ಎಣ್ಣೆ ಬಿಟ್ಟುಕೊಂಡು ಕೂರಬೇಡಿ, ಅಂದೇ ಇಎನ್‌ಟಿ ಡಾಕ್ಟರ ಬಳಿ ಹೋಗಿ. ತಲೆ ಎತ್ತರಿಸಿ ಮಲಗಿ, ಮುಕ್ಕದೆ, ಭಾರ ಎತ್ತದೆ ಇದ್ದರೆ ಎಷ್ಟೋ ಸಲ ಅದು ತಾನಾಗಿ ಕೂಡಿಕೊಳ್ಳುತ್ತದೆ. ಕೂಡದಿದ್ದರೆ ದೇಹದ್ದೇ ಕೊಬ್ಬನ್ನೋ ಸ್ನಾಯುವಿನ ಹೊದಿಕೆಯನ್ನೋ ಇಟ್ಟು ಮುಚ್ಚುತ್ತಾರೆ.

70 ಮೈಕ್ರೋಮೀಟರಿನ ಗೋಡೆ ಎಲ್ಲವನ್ನೂ ತಡೆಯಲಾರದು. ವರ್ಷಗಟ್ಟಲೆ ಸೋರುವ ಕಿವಿಯಲ್ಲಿ ಬ್ಯಾಕ್ಟೀರಿಯಾಗಳ ವಿಷ ಇದರ ಮೂಲಕವೇ ಒಳಗೆ ಜಿನುಗುತ್ತದೆ. ಪೊರೆಯ ಪಕ್ಕದಲ್ಲೇ ಇರುವುದು ತಾರ ಸದ್ದುಗಳನ್ನು ಹಿಡಿಯುವ ರೋಮಕೋಶಗಳು. ಮೊದಲು ಸಾಯುವುದು ಅವೇ. ಅದೇ ಜಿನುಗುವಿಕೆಯನ್ನು ವೈದ್ಯರು ಉಪಕಾರಕ್ಕೂ ಬಳಸುತ್ತಾರೆ. ತಮಟೆಯ ಮೂಲಕ ಅರ್ಧ ಮಿಲಿಲೀಟರಿನಷ್ಟು ಸ್ಟೆರಾಯ್ಡ್ ಚುಚ್ಚಿ, ಆ ಕಿವಿ ಮೇಲಾಗಿ ಅರ್ಧ ಗಂಟೆ ಮಲಗಿರಿ, ಉಗುಳು ನುಂಗಬೇಡಿ ಎನ್ನುತ್ತಾರೆ. ನುಂಗಿದರೆ ಔಷಧಿ ಗಂಟಲಿಗೆ ಇಳಿದುಬಿಡುತ್ತದೆ.

2006ರಲ್ಲಿ ಇಟಲಿಯದೇ ವೈದ್ಯ ವಿಟ್ಟೋರಿಯೊ ಕೊಲೆಟ್ಟಿ ಮತ್ತು ಸಂಗಡಿಗರು, ನಡುಗಿವಿಯ ಮೂಳೆಗಳು ಹಾಳಾದವರಲ್ಲಿ ಸದ್ದಿನ ದಾರಿಯನ್ನೇ ತಿರುಗಿಸಿದ್ದನ್ನು ಪ್ರಕಟಿಸಿದರು. ಸುಮಾರು 25 ಮಿಲಿಗ್ರಾಂ ತೂಕದ ಕಂಪಕವೊಂದನ್ನು ದುಂಡು ಕಿಟಕಿಯ ಪೊರೆಗೆ ತಾಗಿಸಿ ಇಟ್ಟರು. ಅಲ್ಲಿ ಪೊರೆ ಒಳಕ್ಕೆ ಒತ್ತುತ್ತದೆ, ದ್ರವ ರಿಕಾಪಿ ಮೂಳೆಯ ಪಾದ ಕೂರುವ ಇನ್ನೊಂದು ಕಿಟಕಿಯತ್ತ ಸರಿಯುತ್ತದೆ. ಆದರೂ ಕಾಕ್ಲಿಯಾದ ಅಲೆ ಎಂದಿನಂತೆ ಬುಡದಿಂದ ತುದಿಗೇ ಹರಿಯುತ್ತದೆ, ಮಾತು ಮಾತಾಗಿಯೇ ಕೇಳಿಸುತ್ತದೆ.