ಪಹಣಿ ಮತ್ತು ಬ್ಯಾಂಕು ಮಾತಾಡಿಕೊಳ್ಳುವುದು ಹೇಗೆ?

ಹಳಿಯಾಳದ ರೈತರೊಬ್ಬರು ಬೆಳೆಸಾಲಕ್ಕೆಂದು ಬ್ಯಾಂಕಿಗೆ ಹೋದರೆ ಈಗ ಕೇಳುವುದು ರೈತರ ಗುರುತಿನ ಎಫ್‌ಐಡಿ ನಂಬರು. ಅದನ್ನು ಹೊಡೆದರೆ ಅವರ ಸರ್ವೆ ನಂಬರು, ಹಿಸ್ಸಾ, ಕ್ಷೇತ್ರ ಎಲ್ಲವೂ ಪರದೆಯ ಮೇಲೆ ಬರುತ್ತವೆ. ಸಾಲ ಮಂಜೂರಾದ ಮೇಲೆ, ಜಮೀನನ್ನು ಸಾಲಕ್ಕೆ ಆಧಾರವಾಗಿಟ್ಟಿದ್ದೇನೆ ಎಂಬ ನಮೂನೆ 3ರ ಘೋಷಣೆ ಆನ್‌ಲೈನಿನಲ್ಲೇ ಉಪನೋಂದಣಿ ಕಚೇರಿಗೆ ಹೋಗುತ್ತದೆ. ಅಲ್ಲಿಂದ ಮುಂದೆ ಪಹಣಿಯ 11ನೇ ಕಾಲಂನಲ್ಲಿ ಬೋಜಾ, ಅಂದರೆ ಜಮೀನಿನ ಮೇಲಿನ ಸಾಲದ ನಮೂದು, ಕೂರುತ್ತದೆ. 1974ರ ಕೃಷಿ ಸಾಲ ಕಾಯ್ದೆಯ ಕಾಲದಿಂದ ಈ ಕಾಗದಗಳನ್ನು ಕಚೇರಿಯಿಂದ ಕಚೇರಿಗೆ ಹೊತ್ತು ತಿರುಗಿದವರು ರೈತರೇ. ಜೋಯಿಡಾದ ಒಳಹಳ್ಳಿಯವರಿಗೆ ಅಂಥ ಒಂದು ಓಡಾಟವೆಂದರೆ ಒಂದು ದಿನದ ದುಡಿಮೆ ಹೋದಂತೆ.

ಈಗ ಆ ಓಡಾಟವನ್ನು ತಂತ್ರಾಂಶಗಳು ಮಾಡುತ್ತಿವೆ. ಈ ಕೆಲಸಕ್ಕೆ ಬೇಕಾದ ರಚನೆಗೆ ಸರ್ವಿಸ್ ಓರಿಯೆಂಟೆಡ್ ಆರ್ಕಿಟೆಕ್ಚರ್ ಎನ್ನುತ್ತಾರೆ. ಸೇವೆಗಳನ್ನು ಆಧಾರವಾಗಿಟ್ಟು ತಂತ್ರಾಂಶಗಳನ್ನು ಜೋಡಿಸುವ ವಿಧಾನ ಅದು. ಹೆಸರು ದೊಡ್ಡದು, ತತ್ತ್ವ ಸರಳ.

ಮೇಲಿನ ಸಾಲದ ಉದಾಹರಣೆಯಲ್ಲಿ ನಾಲ್ಕು ತಂತ್ರಾಂಶಗಳಿವೆ. ಪಹಣಿ ಇರುವುದು ಕಂದಾಯ ಇಲಾಖೆಯ ‘ಭೂಮಿ’ಯಲ್ಲಿ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು 2000ದ ಆಸುಪಾಸಿನಲ್ಲಿ ಕಂಪ್ಯೂಟರಿಗೆ ಏರಿಸಿದ ಯೋಜನೆ ಅದು. ನೋಂದಣಿಯ ಕೆಲಸ ‘ಕಾವೇರಿ’ಯದು. ರೈತರ ಗುರುತು, ಜಮೀನು, ಬ್ಯಾಂಕ್ ಖಾತೆಗಳನ್ನು ಎಫ್‌ಐಡಿ ಎಂಬ ಒಂದೇ ನಂಬರಿಗೆ ಕಟ್ಟುವುದು ‘ಫ್ರೂಟ್ಸ್’. ಬ್ಯಾಂಕಿಗೆ ಅದರದೇ ಆದ ತಂತ್ರಾಂಶವಿದೆ. ನಾಲ್ಕೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕೈಗಳಲ್ಲಿ ತಯಾರಾದವು. ಎಲ್ಲವನ್ನೂ ಕಿತ್ತುಹಾಕಿ ಒಂದೇ ದೊಡ್ಡ ತಂತ್ರಾಂಶ ಕಟ್ಟೋಣ ಎಂಬ ಆಸೆ ಪ್ರತಿ ಸಭೆಯಲ್ಲೂ ಯಾರಿಗಾದರೂ ಬಂದೇ ಬರುತ್ತದೆ. ನನ್ನ ಮಟ್ಟಿಗೆ ಅದು ಕೆಟ್ಟ ಆಸೆ. ಪಹಣಿಯ ಕಾನೂನು ಬೇರೆ, ಬ್ಯಾಂಕಿನ ಕಾನೂನು ಬೇರೆ. ಒಂದರ ನಿಯಮ ಬದಲಾದಾಗ ಉಳಿದ ಮೂರರ ಕೆಲಸ ನಿಲ್ಲಬಾರದು.

ಹಾಗಾದರೆ ಎರಡೆರಡನ್ನೇ ನೇರವಾಗಿ ಜೋಡಿಸಿದರೆ? ನಾಲ್ಕು ತಂತ್ರಾಂಶಗಳಿಗೆ ಆರು ಜೋಡಣೆ ಸಾಕು, ನಿಭಾಯಿಸಬಹುದು. ಹತ್ತಾದರೆ 45 ಜೋಡಣೆ ಬೇಕು. ಬೆಳೆವಿಮೆಯ ‘ಸಂರಕ್ಷಣೆ’, ಬರ ಮತ್ತು ನೆರೆ ಪರಿಹಾರದ ‘ಪರಿಹಾರ’, ಬೆಳೆ ಸಮೀಕ್ಷೆ, ಖಜಾನೆ ಎಂದು ಎಣಿಸುತ್ತ ಹೋದರೆ ಹತ್ತು ಬೇಗ ಆಗಿಬಿಡುತ್ತದೆ.

ಸೇವೆ ಎಂಬ ಕಲ್ಪನೆ ಬರುವುದು ಇಲ್ಲಿ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೊರಗಿನವರು ನುಗ್ಗುವಂತಿಲ್ಲ, ಕೌಂಟರಿನಲ್ಲಿ ಅರ್ಜಿ ಕೊಟ್ಟು ನಕಲು ಪಡೆಯಬೇಕು. ಸೇವೆಯೆಂದರೆ ತಂತ್ರಾಂಶದ ಅಂಥ ಕೌಂಟರು. ಪ್ರತಿ ತಂತ್ರಾಂಶ ತನ್ನ ಕೌಂಟರು ತೆರೆದರೆ ಸಾಕು, ಪ್ರತಿ ಜೋಡಿಗೂ ಬೇರೆ ಜೋಡಣೆ ಬೇಡ. ‘ಭೂಮಿ’ಯೊಳಗೆ ದತ್ತಾಂಶ ಯಾವ ರೀತಿ ಕೂತಿದೆ ಎಂದು ಬ್ಯಾಂಕಿನ ತಂತ್ರಾಂಶಕ್ಕೆ ಗೊತ್ತಿರಬೇಕಿಲ್ಲ. ಏನು ಕೇಳಬೇಕು, ಉತ್ತರ ಯಾವ ರೂಪದಲ್ಲಿ ಬರುತ್ತದೆ, ಕೇಳುವ ಅಧಿಕಾರ ಯಾರಿಗಿದೆ, ಉತ್ತರ ಸಿಗದಿದ್ದರೆ ಏನು ಹೇಳಬೇಕು ಎಂಬುದು ಇಬ್ಬರಿಗೂ ಒಪ್ಪಿಗೆಯಾಗಿದ್ದರೆ ಸಾಕು. ಒಳಗಿನ ಯಂತ್ರ, ಭಾಷೆ ಬದಲಾದರೂ ಈ ಒಪ್ಪಂದ ಬದಲಾಗದಿರುವವರೆಗೆ ಹೊರಗಿನವರ ಕೆಲಸ ಕೆಡುವುದಿಲ್ಲ.

ಒಪ್ಪಂದ ಎಷ್ಟು ಸೂಕ್ಷ್ಮವಾಗಿರಬೇಕು ಎಂಬುದಕ್ಕೆ ಜಮೀನಿನ ಕ್ಷೇತ್ರವನ್ನೇ ನೋಡಿ. ಪಹಣಿಯಲ್ಲಿ ‘2-20’ ಎಂದಿದ್ದರೆ 2 ಎಕರೆ 20 ಗುಂಟೆ. ಎಕರೆಗೆ 40 ಗುಂಟೆ, ಹಾಗಾಗಿ ಅದು ಎರಡೂವರೆ ಎಕರೆ. ಪಡೆಯುವ ತಂತ್ರಾಂಶ ಅದನ್ನು ದಶಮಾಂಶವೆಂದು ತಿಳಿದು 2.20 ಎಕರೆ ಎಂದು ಓದಿಕೊಂಡರೆ ಲೆಕ್ಕಕ್ಕೆ ಸಿಗುವುದು 2 ಎಕರೆ 8 ಗುಂಟೆ ಮಾತ್ರ. 12 ಗುಂಟೆ ಕಾಣೆ! ಸಾಲದ ಮಿತಿ, ವಿಮೆಯ ಕಂತು, ಪರಿಹಾರದ ಮೊತ್ತ ಎಲ್ಲವೂ ಅಷ್ಟರ ಮಟ್ಟಿಗೆ ತಪ್ಪುತ್ತವೆ. ಎರಡೂ ತಂತ್ರಾಂಶಗಳು ಎಲ್ಲಿಯೂ ದೋಷ ತೋರಿಸುವುದಿಲ್ಲ, ಅದೇ ಅಪಾಯ. ಆದ್ದರಿಂದ ಅಳತೆ, ದಿನಾಂಕ, ಲಿಪಿ ಯಾವುದೆಂದು ಒಪ್ಪಂದದಲ್ಲಿ ಬರೆದೇ ಇಡಬೇಕು.

ಹೆಸರಿನದು ಇನ್ನೂ ದೊಡ್ಡ ತೊಡಕು. ಹಳಿಯಾಳ, ಜೋಯಿಡಾ ಕಡೆ ಮರಾಠಿ, ಕೊಂಕಣಿ ಹೆಸರುಗಳೇ ಹೆಚ್ಚು. ಪಹಣಿಯಲ್ಲಿ ‘ಗಾವಡಾ’ ಎಂದಿದ್ದದ್ದು ಆಧಾರಿನ ಇಂಗ್ಲಿಷ್ ಅಕ್ಷರಗಳನ್ನು ದಾಟಿ ಬರುವಾಗ ‘ಗಾವಡೆ’, ‘ಗೌಡಾ’ ಆಗಬಹುದು. ಕಂಪ್ಯೂಟರಿಗೆ ಅವರು ಮೂವರು. ಜೋಡಣೆ ಎಷ್ಟೇ ಚೆನ್ನಾಗಿದ್ದರೂ ಇಲ್ಲಿ ಮನುಷ್ಯನ ಕಣ್ಣು ಬೇಕು. ಹೊಂದಾಣಿಕೆಯಾಗದ ಹೆಸರುಗಳನ್ನು ಬೇರೆ ತೆಗೆದು ಸಿಬ್ಬಂದಿಯ ಮುಂದಿಡುವ ವ್ಯವಸ್ಥೆಯೂ ರಚನೆಯ ಭಾಗವೇ ಆಗಿರಬೇಕು. ಹಾಗೆಯೇ, ಜೋಯಿಡಾ ತಾಲ್ಲೂಕಿನ ಬಹುಪಾಲು ಕಾಡು. ಅರಣ್ಯಭೂಮಿಯಲ್ಲಿ ತಲೆಮಾರುಗಳಿಂದ ಸಾಗುವಳಿ ಮಾಡಿದವರ ಹೆಸರು ಪಹಣಿಯಲ್ಲೇ ಇಲ್ಲದಿದ್ದರೆ ಯಾವ ಸೇವೆಯೂ ಅದನ್ನು ಹುಟ್ಟಿಸಿ ಕೊಡುವುದಿಲ್ಲ. ಅದು ತಂತ್ರಾಂಶದವರು ಬಿಡಿಸುವ ಪ್ರಶ್ನೆಯಲ್ಲ.

ನೆಟ್‌ವರ್ಕಿನ ಮಾತಿಗೂ ಜೋಯಿಡಾವೇ ಉದಾಹರಣೆ. ಸೇವೆಯನ್ನು ಕೇಳುವುದರಲ್ಲಿ ಎರಡು ಬಗೆ. ಕೇಳಿ, ಉತ್ತರ ಬರುವವರೆಗೆ ಕಾಯುವುದು ಒಂದು. ಎಫ್‌ಐಡಿ ಹೊಡೆದು ಜಮೀನಿನ ವಿವರ ನೋಡುವುದು ಹೀಗೆ. ಸಂದೇಶವನ್ನು ಸರದಿಯಲ್ಲಿ ಬಿಟ್ಟು ಮುಂದಿನ ಕೆಲಸ ನೋಡುವುದು ಇನ್ನೊಂದು. ಬೋಜಾ ದಾಖಲಾಗುವುದು ಇಂಥ ಕೆಲಸ, ನಡುವೆ ಅಧಿಕಾರಿಯ ಪರಿಶೀಲನೆ ಇರುತ್ತದೆ. ಬೆಳೆ ಸಮೀಕ್ಷೆಯಲ್ಲೂ ಹೊಲದಲ್ಲಿ ಫೋಟೊ ತೆಗೆದು, ಸಿಗ್ನಲ್ ಸಿಕ್ಕಲ್ಲಿ ಅಪ್‌ಲೋಡ್ ಮಾಡಬಹುದು. ಮಲೆನಾಡಿನಲ್ಲಿ ಎರಡನೆಯ ಬಗೆಯನ್ನೇ ಹೆಚ್ಚು ಬಳಸಬೇಕು. ಅದಕ್ಕೊಂದು ಎಚ್ಚರಿಕೆ ಇದೆ: ಸಂಪರ್ಕ ಕಡಿದು ಅದೇ ಸಂದೇಶ ಎರಡು ಸಲ ಹೋದರೆ ಬೋಜಾ ಎರಡು ಸಲ ಕೂರಬಾರದು. ಪ್ರತಿ ಸಂದೇಶಕ್ಕೂ ಒಂದು ವಿಶಿಷ್ಟ ಸಂಖ್ಯೆ ಕೊಟ್ಟರೆ ಎರಡನೆಯದನ್ನು ಗುರುತಿಸಿ ಬಿಟ್ಟುಬಿಡಬಹುದು.

ಇದು ಸರ್ಕಾರಕ್ಕಷ್ಟೇ ಸಂಬಂಧಿಸಿದ್ದಲ್ಲ. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯಿದೆ, ಹಳಿಯಾಳದಲ್ಲಿ ಸಕ್ಕರೆ ಕಾರ್ಖಾನೆಯಿದೆ. ಇಂಥ ಯಾವುದೇ ಕಡೆ ತೂಕದ ಕಾಟಾ, ಸ್ಟೋರು, ಪಗಾರ, ಬಿಲ್ಲು ಬೇರೆ ಬೇರೆ ಕೆಲಸಗಳು. ಕಬ್ಬಿನ ತೂಕದ ಚೀಟಿಯನ್ನು ನೋಡಿ ಮತ್ತೊಬ್ಬರು ಬಿಲ್ಲಿಗೆ ಟೈಪು ಮಾಡುವ ಪದ್ಧತಿ ಇದ್ದಲ್ಲಿ ತಪ್ಪು ನುಸುಳುವುದು ಆ ಟೈಪಿನಲ್ಲೇ. ಸಹಕಾರಿ ಸಂಘಗಳ ಬಾಗಿಲಿಗೂ ಇದು ಬಂದಿದೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ಮಾದರಿಯ ತಂತ್ರಾಂಶಕ್ಕೆ ತರುವ ಯೋಜನೆಗೆ ಕೇಂದ್ರ ಸರ್ಕಾರ 2022ರಲ್ಲಿ ಒಪ್ಪಿಗೆ ಕೊಟ್ಟಿತು. ಮುಂಡಗೋಡದ ಹಳ್ಳಿಯ ಸಂಘವೊಂದರಲ್ಲಿ ಗೊಬ್ಬರದ ದಾಸ್ತಾನು, ಸದಸ್ಯರ ಶೇರು, ಬೆಳೆಸಾಲ ಮೂರೂ ಇರುತ್ತವೆ. ಅವು ಒಂದಕ್ಕೊಂದು ಮತ್ತು ಜಿಲ್ಲಾ ಕೇಂದ್ರ ಬ್ಯಾಂಕಿನ ಜೊತೆ ಹೊಂದಿಕೊಳ್ಳಬೇಕು.

ಇಂಥ ಸಂಘ ಅಥವಾ ಉದ್ಯಮ ಎಲ್ಲವನ್ನೂ ಒಮ್ಮೆಗೇ ಜೋಡಿಸಲು ಹೋಗಬಾರದು. ಹೆಚ್ಚು ಕಡೆ ಬೇಕಾಗುವ ಒಂದು ಮಾಹಿತಿಯನ್ನು ಹಿಡಿಯಿರಿ. ಬಹುತೇಕ ಅದು ಸದಸ್ಯರ ವಿವರವೇ ಆಗಿರುತ್ತದೆ. ಅದಕ್ಕೆ ಒಬ್ಬರೇ ಹೊಣೆಗಾರರಿರಲಿ. ವಿಳಾಸ ಬದಲಾದರೆ ತಿದ್ದುವುದು ಒಂದೇ ಜಾಗದಲ್ಲಿ, ಉಳಿದವರು ಕೇಳಿ ಪಡೆಯಲಿ. ಆ ಸೇವೆ ಒಂದು ಹಂಗಾಮು ಸರಿಯಾಗಿ ನಡೆದ ಮೇಲೆ ಮುಂದಿನದನ್ನು ಕೈಗೆತ್ತಿಕೊಳ್ಳಿ. ಯಾರು ಯಾವಾಗ ಯಾವ ವಿವರ ಕೇಳಿದರು ಎಂಬ ದಾಖಲೆ ಮೊದಲ ದಿನದಿಂದಲೇ ಇರಬೇಕು, ಏಕೆಂದರೆ ಅದು ಜನರ ಜಮೀನು ಮತ್ತು ಸಾಲದ ವಿಷಯ.

ತಂತ್ರಾಂಶ ಕೊಳ್ಳುವಾಗ ಸೇವೆಗಳ ಒಪ್ಪಂದದ ಪೂರ್ಣ ದಾಖಲೆ ನಮ್ಮ ಕೈಗೆ ಸಿಗಬೇಕು ಎಂಬ ಷರತ್ತನ್ನು ಟೆಂಡರಿನಲ್ಲೇ ಹಾಕಿ. ಅದಿಲ್ಲದಿದ್ದರೆ ಮಾರಿದವರನ್ನು ಬಿಟ್ಟು ಬೇರೆ ಯಾರಿಂದಲೂ ಜೋಡಣೆ ಮಾಡಿಸಲಾಗದು. ಕೇಂದ್ರ ಸರ್ಕಾರವೂ ತನ್ನ ಇಲಾಖೆಗಳ ತಂತ್ರಾಂಶಗಳಿಗಾಗಿ 2015ರಲ್ಲಿ ಮುಕ್ತ ಎಪಿಐ ನೀತಿ ತಂದಿದೆ. ಎಪಿಐ ಎಂದರೆ ಮೇಲೆ ಹೇಳಿದ ಕೌಂಟರೇ.

ರೈತರು ಮಾಡಬೇಕಾದದ್ದೂ ಒಂದಿದೆ. ರೈತ ಸಂಪರ್ಕ ಕೇಂದ್ರಕ್ಕೆ ಹೋದಾಗ ನಿಮ್ಮ ಎಲ್ಲ ಸರ್ವೆ ನಂಬರುಗಳೂ ಎಫ್‌ಐಡಿಗೆ ಸೇರಿವೆಯೇ, ಪಹಣಿಯ ಹೆಸರು ಆಧಾರಿನ ಹೆಸರಿಗೆ ಹೊಂದುತ್ತದೆಯೇ ಎಂದು ನೋಡಿಕೊಳ್ಳಿ. ಬರ ಬಂದು ಪರಿಹಾರದ ಪಟ್ಟಿ ತಯಾರಾದ ಮೇಲೆ ಓಡಾಡುವುದಕ್ಕಿಂತ ಈಗಲೇ ಸರಿಪಡಿಸುವುದು ಸುಲಭ.