ಗುಣವಾಯಿತೆಂದು ಮಾತ್ರೆ ನಿಲ್ಲಿಸುವ ಮುನ್ನ

ನರಸಾಪುರದ ಹಿರಿಯರೊಬ್ಬರು ಹೃದಯಾಘಾತದಿಂದ ಚೇತರಿಸಿಕೊಂಡು ಮನೆ ಸೇರಿ ಕೆಲವು ತಿಂಗಳಾಗಿದ್ದವು. ಎದೆನೋವಿರಲಿಲ್ಲ, ಆಯಾಸವಿರಲಿಲ್ಲ. ಮಾತ್ರೆ ಮುಗಿದ ದಿನ 'ಇನ್ನೇಕೆ?' ಎಂದು ಸುಮ್ಮನಾದರು. ವಾರ ಕಳೆಯುವಷ್ಟರಲ್ಲಿ ಮತ್ತೆ ಎದೆ ಬಿಗಿದು, ರಾತ್ರೋರಾತ್ರಿ ಅವರನ್ನು ಕೋಲಾರಕ್ಕೆ ಕರೆದೊಯ್ಯಬೇಕಾಯಿತು. ದೇವರ ದಯೆಯಿಂದ ಉಳಿದುಕೊಂಡರು. ಅವರು ಕೈಬಿಟ್ಟಿದ್ದುದು 'ಬೀಟಾ ಬ್ಲಾಕರ್' ಎಂಬ ವರ್ಗದ ಔಷಧಿಯನ್ನು. ಅಟೆನೊಲಾಲ್, ಮೆಟೊಪ್ರೊಲಾಲ್ ಮುಂತಾದ ಹೆಸರುಗಳು ನಮ್ಮ ಅನೇಕ ಮನೆಗಳಿಗೆ ಪರಿಚಿತವೇ ಆಗಿವೆ.

ಭಯ, ಕೋಪ, ಶ್ರಮಗಳ ವೇಳೆ ನಮ್ಮ ದೇಹದಲ್ಲಿ ಅಡ್ರಿನಲಿನ್ ಸ್ರವಿಸಿ, ಹೃದಯದಲ್ಲಿರುವ 'ಬೀಟಾ' ಗ್ರಾಹಕಗಳನ್ನು ಸೇರಿ ಬಡಿತವನ್ನು ಹೆಚ್ಚಿಸುತ್ತದೆ. ಈ ಗ್ರಾಹಕಗಳನ್ನು 1948ರಲ್ಲಿ ಗುರುತಿಸಿ ಹೆಸರಿಸಿದವರು ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್. ಆ ಬಾಗಿಲನ್ನೇ ಮುಚ್ಚಿದರೆ ಹೇಗೆಂದು ಯೋಚಿಸಿದವರು ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್. ಕಿರಿದಾದ ರಕ್ತನಾಳದಲ್ಲಿ ರಕ್ತ ಹೆಚ್ಚಿಸಲಾಗದಿದ್ದರೆ ಹೃದಯದ ಬೇಡಿಕೆಯನ್ನಾದರೂ ತಗ್ಗಿಸೋಣವೆಂಬುದು ಅವರ ತರ್ಕ. ಕೊಳವೆಬಾವಿ ಬತ್ತಿದಾಗ ನಮ್ಮ ಕೋಲಾರದ ರೈತ ಭತ್ತ ಬಿಟ್ಟು ರಾಗಿ ಬಿತ್ತುವುದಿಲ್ಲವೇ? 1960ರ ದಶಕದಲ್ಲಿ ಅವರ ತಂಡ ರೂಪಿಸಿದ ಪ್ರೊಪ್ರನೊಲಾಲ್ ಎದೆನೋವಿನ ಚಿಕಿತ್ಸೆಯನ್ನೇ ಬದಲಿಸಿತು. 1988ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು.

ಅಪಾಯವಿರುವುದು ಥಟ್ಟನೆ ನಿಲ್ಲಿಸುವುದರಲ್ಲಿ. ಬಾಗಿಲು ಬಹುಕಾಲ ಮುಚ್ಚಿದ್ದರೆ ದೇಹವು ಹೊಸ ಗ್ರಾಹಕಗಳನ್ನು ನಿರ್ಮಿಸಿಕೊಳ್ಳುತ್ತದೆ. ಔಷಧಿ ತಪ್ಪಿದೊಡನೆ ಅವೆಲ್ಲವೂ ಅಡ್ರಿನಲಿನ್‌ಗೆ ತೆರೆದುಕೊಂಡು, ಬಡಿತವೂ ರಕ್ತದೊತ್ತಡವೂ ಮೊದಲಿಗಿಂತ ಮೇಲೇರಬಹುದು, ಹೃದಯಾಘಾತವೂ ಮರುಕಳಿಸಬಹುದು. ಆದುದರಿಂದ ವೈದ್ಯರು ಪ್ರಮಾಣವನ್ನು ಮೆಲ್ಲಮೆಲ್ಲನೆ ಇಳಿಸುತ್ತಾರೆ.

ಹಾಗೆಂದು 'ಇನ್ನೇಕೆ?' ಎಂಬ ಪ್ರಶ್ನೆ ತಪ್ಪೆಂದು ನಾವು ಹೇಳೆವು. ಹೃದಯಾಘಾತದ ಬಳಿಕವೂ ಹೃದಯದ ಶಕ್ತಿ ಕುಂದದವರಿಗೆ ಈ ಔಷಧಿಯಿಂದ ಮರಣ ಅಥವಾ ಮತ್ತೊಂದು ಆಘಾತದ ಸಂಭವ ಕಡಿಮೆಯಾಗಲಿಲ್ಲವೆಂದು 2024ರಲ್ಲಿ ಪ್ರಕಟವಾದ ಸ್ವೀಡನ್ ನೇತೃತ್ವದ ಅಧ್ಯಯನವೊಂದು ತಿಳಿಸಿತು. ಶಕ್ತಿ ಕುಂದಿದ ಹೃದಯಕ್ಕಾದರೋ ಇದು ಆಯುಷ್ಯವನ್ನು ಹೆಚ್ಚಿಸುತ್ತದೆಂದು 1999ರ ದೊಡ್ಡ ಅಧ್ಯಯನಗಳು ತೋರಿಸಿವೆ. ಪ್ರಶ್ನೆಯನ್ನು ವೈದ್ಯರ ಮುಂದಿಡಬೇಕು, ಅಷ್ಟೆ. ಉಬ್ಬಸವಿದ್ದರೆ ಮೊದಲೇ ತಿಳಿಸಬೇಕು. ಇನ್ಸುಲಿನ್ ಪಡೆಯುವ ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ಎಚ್ಚರಿಕೆ: ಸಕ್ಕರೆ ಕುಸಿದಾಗ ಎದೆ ಡವಗುಟ್ಟುವ ಸೂಚನೆಯನ್ನು ಈ ಮಾತ್ರೆ ಮರೆಮಾಚಬಹುದು, ಬೆವರು ಮಾತ್ರ ಬರುತ್ತದೆ.

ಭಾನುವಾರ ಪರಮಪ್ರಸಾದ ಸ್ವೀಕರಿಸಬೇಕೆಂದು ಬೆಳಗಿನ ಮಾತ್ರೆಯನ್ನು ಬಿಡುವವರನ್ನು ನಾವು ಕಂಡಿದ್ದೇವೆ. ಪರಮಪ್ರಸಾದಕ್ಕೆ ಮುನ್ನ ಪಾಲಿಸುವ ಒಂದು ಗಂಟೆಯ ಉಪವಾಸವನ್ನು ನೀರಾಗಲಿ ಔಷಧಿಯಾಗಲಿ ಮುರಿಯುವುದಿಲ್ಲವೆಂದು ಧರ್ಮಸಭೆಯ ಕಾನೂನು ಸಂಹಿತೆಯ 919ನೆಯ ನಿಯಮವೇ ಹೇಳುತ್ತದೆ.