ಹೆರಿಗೆ ಕೋಣೆಗೆ ಬಿಸಿಲ ಬೆಳಕು

ಸಿಸೇರಿಯನ್ ನಡೆಯುತ್ತಿರುವಾಗಲೇ ಕರೆಂಟ್ ಹೋದರೆ? 2008ರಲ್ಲಿ ಉತ್ತರ ನೈಜೀರಿಯಾದ ಝಾರಿಯಾದ ಸರಕಾರಿ ಆಸ್ಪತ್ರೆಯೊಂದರಲ್ಲಿ ಹಾಗೆಯೇ ಆಯಿತು. ಅಧ್ಯಯನಕ್ಕೆಂದು ಬಂದಿದ್ದ ಅಮೇರಿಕದ ಹೆರಿಗೆ ತಜ್ಞೆ ಲಾರಾ ಸ್ಟೇಚಲ್‌ರ ಬಳಿ ಅದೃಷ್ಟಕ್ಕೆ ಟಾರ್ಚ್ ಇತ್ತು. ಅದರ ಬೆಳಕಿನಲ್ಲೇ ಶಸ್ತ್ರಚಿಕಿತ್ಸೆ ಮುಗಿಯಿತು. ಉಳಿದ ರಾತ್ರಿಗಳಲ್ಲಿ ದಾದಿಯರಿಗೆ ಸೀಮೆಎಣ್ಣೆ ದೀಪವೇ ಗತಿ.

ಲಾರಾರ ಪತಿ ಹಾಲ್ ಆರನ್ಸನ್ ಸೌರಶಕ್ತಿಯ ಶಿಕ್ಷಕರು. ಆಸ್ಪತ್ರೆಗೆ ಬೇಕಾದ ಸೌರ ವ್ಯವಸ್ಥೆಯ ಯೋಜನೆಯನ್ನು ಅವರೇ ಸಿದ್ಧಪಡಿಸಿದರು. ಹಣ ಎಲ್ಲಿಂದ? ಬರ್ಕ್ಲಿ ವಿಶ್ವವಿದ್ಯಾನಿಲಯದ ಸ್ಪರ್ಧೆಯೊಂದರಲ್ಲಿ ಬಂದ ಬಹುಮಾನ ಆಸರೆಯಾಯಿತು. ಅದಕ್ಕೂ ಮೊದಲು, ಅಲ್ಲಿನ ಸಿಬ್ಬಂದಿಗೆ ತೋರಿಸಲೆಂದು ಹಾಲ್ ಸೂಟ್‌ಕೇಸಿನಲ್ಲಿ ಹಿಡಿಸುವಷ್ಟು ಚಿಕ್ಕ ಮಾದರಿಯೊಂದನ್ನು ಕಟ್ಟಿಕೊಟ್ಟಿದ್ದರು. ಅದನ್ನು ನೋಡಿದವರು, ಇದನ್ನು ಇಲ್ಲೇ ಬಿಟ್ಟು ಹೋಗಿ ಎಂದರು! ಸುತ್ತಲಿನ ಹಳ್ಳಿಗಳ ಕ್ಲಿನಿಕ್‌ಗಳೂ ಕೇಳತೊಡಗಿದವು. ದೀಪ, ಮೊಬೈಲ್ ಚಾರ್ಜರ್, ಮಗುವಿನ ಎದೆಬಡಿತ ಕೇಳುವ ಉಪಕರಣ. ಅವರಿಗೆ ಬೇಕಾದದ್ದು ಇಷ್ಟೇ. ಇಷ್ಟಕ್ಕೆ ದಾನಿಗಳನ್ನು ಹುಡುಕುವುದೂ ಸುಲಭ. ಒಬ್ಬರು ಒಂದು ಪೆಟ್ಟಿಗೆ ಕೊಟ್ಟರೆ ಒಂದು ಕ್ಲಿನಿಕ್‌ಗೆ ಬೆಳಕು.

ಆದರೆ ದಾನ ಸಂಗ್ರಹಿಸುವವರು ಮರೆಯುವ ಸಂಗತಿಯೊಂದಿದೆ. ಸೌರಫಲಕ 20-25 ವರ್ಷ ಬಾಳುತ್ತದೆ, ಬ್ಯಾಟರಿ ಬಾಳುವುದಿಲ್ಲ. ಸೀಸದ ಬ್ಯಾಟರಿಯಾದರೆ ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಉದ್ಘಾಟನೆಯ ಫೋಟೋಗೆ ಜನ ಸೇರುತ್ತಾರೆ, ನಾಲ್ಕನೆಯ ವರ್ಷದ ಬ್ಯಾಟರಿಗೆ ಯಾರ ಮನೆ ಬಾಗಿಲು ತಟ್ಟುವುದು? ಫಲಕ ಮಾಡಿನ ಮೇಲೆ ಹೊಳೆಯುತ್ತಿರುತ್ತದೆ, ಕೆಳಗೆ ಮತ್ತೆ ಸೀಮೆಎಣ್ಣೆ. ಆ ಹಣವೂ ಮೊದಲ ಮನವಿಯಲ್ಲೇ ಇರಬೇಕು.

ಲಾರಾ ದಂಪತಿಯ 'ವಿ ಕೇರ್ ಸೋಲಾರ್' ಸಂಸ್ಥೆಯ ಹಳದಿ ಸೂಟ್‌ಕೇಸ್‌ನಲ್ಲಿ ಈಗ ಲಿಥಿಯಂ ಬ್ಯಾಟರಿ ಇದೆ. ಬಾಳಿಕೆ ಹೆಚ್ಚು. ಆದರೂ ಒಂದು ದಿನ ಅದನ್ನೂ ಬದಲಿಸಲೇಬೇಕು.